ಮಳೆಗಾಲ ದಾಟುವ ನೇಮಕಾತಿ

ಮೇ ತಿಂಗಳಲ್ಲಿ ಮಡಿಕೇರಿಗೆ ಸಂದರ್ಶನಕ್ಕೆ ಬಂದ ಹುಡುಗಿಗೆ ಊರು ಹಿಡಿಸುತ್ತದೆ. ಜೂನ್‌ನಲ್ಲಿ ಸ್ಟಾಫ್ ನರ್ಸ್ ಆಗಿ ಸೇರುತ್ತಾಳೆ. ಜುಲೈಯಲ್ಲಿ ಮೂರು ದಿನವಾದರೂ ಯೂನಿಫಾರ್ಮ್ ಒಣಗುವುದಿಲ್ಲ. ರಾತ್ರಿ ಕರೆಂಟು ಹೋದರೆ ಬೆಳಿಗ್ಗೆ ಸ್ನಾನಕ್ಕೆ ಬಿಸಿನೀರಿಲ್ಲ. ಆಗಸ್ಟಿನಲ್ಲಿ ಸಂಬಳ ಕೈಗೆ ಬಂದ ವಾರವೇ ರಾಜೀನಾಮೆ. ಆಡಳಿತದವರು ‘ಈಗಿನವರಿಗೆ ನಿಷ್ಠೆಯಿಲ್ಲ’ ಎಂದು ಫೈಲು ಮುಚ್ಚುತ್ತಾರೆ. ಹಾಸ್ಟೆಲಿನಲ್ಲಿ ಬಟ್ಟೆ ಒಣಗಿಸಲು ಒಂದು ಕೋಣೆ, ಸೌದೆ ಒಲೆಯ ಮೇಲೆ ಒಂದು ಹಂಡೆ ಇದ್ದಿದ್ದರೆ ಅವಳು ಉಳಿದುಕೊಳ್ಳುತ್ತಿದ್ದಳು.

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಅಥವಾ ಎಂಬಿಎ ಮುಗಿಸಿ ಆಸ್ಪತ್ರೆಯ ಎಚ್‌ಆರ್, ಅಂದರೆ ಸಿಬ್ಬಂದಿಯ ನೇಮಕಾತಿ ನೋಡಿಕೊಳ್ಳುವ ವಿಭಾಗಕ್ಕೆ ಬರುವ ನಮ್ಮ ಜಿಲ್ಲೆಯ ಮಕ್ಕಳಿಗೆ ಮೊದಲು ಹೇಳಬೇಕಾದ್ದು ಇದನ್ನೇ. ಆಫರ್ ಲೆಟರ್‌ಗೆ ಸಹಿ ಬಿದ್ದಲ್ಲಿಗೆ ನಿಮ್ಮ ಕೆಲಸ ಮುಗಿಯಿತು ಅಂದುಕೊಂಡರೆ ವರ್ಷಪೂರ್ತಿ ಅದೇ ಹುದ್ದೆಯನ್ನು ಮತ್ತೆ ಮತ್ತೆ ತುಂಬುತ್ತಿರುತ್ತೀರಿ. ಸೇರಿದವರ ಮೊದಲ ಮಳೆಗಾಲ ದಾಟಿಸಿದವರನ್ನೇ ಮುಂದೆ ಆಸ್ಪತ್ರೆ ನಡೆಸಲು ಕರೆಯುತ್ತಾರೆ.

ಶುರುವಿನ ಎರಡು ವಾರ ಕಚೇರಿಯ ಕುರ್ಚಿ ಬಿಟ್ಟು ವಾರ್ಡಿಗೆ ಹೋಗಿ. ಒಂದು ಪಾಳಿಯವರು ಮುಂದಿನವರಿಗೆ ರೋಗಿಗಳನ್ನು ಒಪ್ಪಿಸುವ ಬೆಳಿಗ್ಗೆ ಎಂಟರ ಹ್ಯಾಂಡೋವರ್‌ಗೆ ಹದಿನೈದು ನಿಮಿಷ ಮುಂಚೆ ನಿಂತು ಕೇಳಿ. ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್ ಏನು ಮಾಡುತ್ತಾರೆ, ಆಪರೇಷನ್ ಹೊತ್ತಿನಲ್ಲಿ ಸರ್ಜನ್‌ಗೆ ಉಪಕರಣ ಕೊಡುವ ಸ್ಕ್ರಬ್ ನರ್ಸ್ ಏನು ಮಾಡುತ್ತಾರೆ, ಮೂರು ವರ್ಷದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದವರಿಗೂ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಓದಿದವರಿಗೂ ಯಾವ ಹೊಣೆ ಕೊಡುತ್ತಾರೆ, ಇನ್‌ಚಾರ್ಜ್ ಸಿಸ್ಟರ್ ರೋಸ್ಟರ್ (ಪಾಳಿ ಪಟ್ಟಿ) ಹಾಕುವಾಗ ಯಾರ ಹೆಸರಿಗೆ ಪೆನ್ಸಿಲ್ ತಡವರಿಸುತ್ತದೆ, ಇದೆಲ್ಲ ಗೊತ್ತಿಲ್ಲದೆ ಸಂದರ್ಶನದ ಮೇಜಿಗೆ ಕೂರಬಾರದು. ತಿಂಗಳಿಗೊಂದು ರಾತ್ರಿ ಕ್ಯಾಶುಯಾಲ್ಟಿಯಲ್ಲಿ ಕಳೆದರೆ ಇನ್ನೂ ಒಳ್ಳೆಯದು.

ಇನ್ನು ಲೆಕ್ಕ. ಮೂವತ್ತು ಹಾಸಿಗೆಯ ಜನರಲ್ ವಾರ್ಡಿಗೆ ಎಷ್ಟು ನರ್ಸ್ ಬೇಕು? ಆರು ರೋಗಿಗೆ ಒಬ್ಬರಂತೆ ಹಿಡಿದರೆ ಪಾಳಿಗೆ 5, ಮೂರು ಪಾಳಿಗೆ 15. ಆಡಳಿತ ಮಂಡಳಿ ಇಲ್ಲಿಗೇ ನಿಲ್ಲಿಸಿಬಿಡುತ್ತದೆ, ತಪ್ಪು ಶುರುವಾಗುವುದೂ ಇಲ್ಲಿಯೇ. ವಾರ್ಡ್ ವಾರದ ಏಳು ದಿನವೂ ನಡೆಯುತ್ತದೆ, ಮನುಷ್ಯರು ಆರು ದಿನ ದುಡಿಯುತ್ತಾರೆ. ವಾರದ ರಜೆಯೊಂದಕ್ಕೇ 15 ಹೋಗಿ 17.5 ಆಗುತ್ತದೆ. ಜ್ವರ, ಮದುವೆ, ಹೆರಿಗೆ ರಜೆ ಇನ್ನೂ ಬಾಕಿ. ಅದಕ್ಕೇ ವಾರದ ರಜೆಯೂ ಒಳಗೊಂಡಂತೆ ಮೂಲ 15ರ ಮೇಲೆ ಶೇ 30ರಷ್ಟು ರಜೆ ಮೀಸಲು ಸೇರಿಸುತ್ತಾರೆ, 19.5 ಆಗಿ ಲೆಕ್ಕ 20ಕ್ಕೆ ಬಂದು ನಿಲ್ಲುತ್ತದೆ. ಐಸಿಯುವಿನಲ್ಲಿ ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬರು, ಉಳಿದಂತೆ ಇಬ್ಬರು ರೋಗಿಗಳಿಗೆ ಒಬ್ಬರು. 15 ಜನರಲ್ಲಿ ವಾರ್ಡ್ ಓಡಿಸಿದರೆ ಒಬ್ಬರು ರಜೆ ಹಾಕಿದ ದಿನ ಇನ್ನೊಬ್ಬರಿಗೆ ಡಬಲ್ ಡ್ಯೂಟಿ ಬೀಳುತ್ತದೆ. ಎರಡು ತಿಂಗಳು ಹೀಗೆ ನಡೆದರೆ ಆ ಇಬ್ಬರೂ ಹೋಗುತ್ತಾರೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಆಡಳಿತದ ಮುಂದಿಡುವ ಧೈರ್ಯ ಬೆಳೆಸಿಕೊಳ್ಳಿ. ಸಂಬಳದ ಮಾತು ಬಂದಾಗ ಇನ್ನೊಂದು ಅಂಕಿ ಕೈಯಲ್ಲಿರಲಿ: ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ರಚನೆಯಾದ ಸಮಿತಿ 2016ರಲ್ಲೇ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತ್ತು.

ಕೊಡಗಿನ ರೋಸ್ಟರಿಗೆ ಇನ್ನೊಂದು ಕಾಲಂ ಬೇಕು: ಯಾರು ಯಾವ ರಸ್ತೆಯಿಂದ ಬರುತ್ತಾರೆ. ರೈಲಿಲ್ಲದ ಜಿಲ್ಲೆ ಇದು, ಎಲ್ಲವೂ ರಸ್ತೆಯನ್ನೇ ನಂಬಿದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಕುಸಿದು ಸಂಪಾಜೆ ರಸ್ತೆಯೇ ಕಡಿದುಹೋಗಿತ್ತು. ಸುಳ್ಯದ ಕಡೆಯಿಂದ ಬರುವ ನಾಲ್ವರನ್ನು ಒಂದೇ ಪಾಳಿಗೆ ಹಾಕಿದ್ದರೆ ಅಂಥ ದಿನ ಆ ಪಾಳಿಯೇ ಖಾಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಪಾಳಿಯಲ್ಲೂ ಸಂಪಾಜೆ ಕಡೆಯವರು, ಕುಶಾಲನಗರ ಕಡೆಯವರು, ವಿರಾಜಪೇಟೆ ಕಡೆಯವರು ಬೆರೆತಿರಲಿ. ಜೊತೆಗೆ ನಡೆದೇ ಬರಬಲ್ಲವರು ಕನಿಷ್ಠ ಇಬ್ಬರು ಬೇಕು. ಮಧ್ಯಾಹ್ನದ ಪಾಳಿ ರಾತ್ರಿ ಎಂಟಕ್ಕೆ ಬಿಡುವ ಹೊತ್ತಿಗೆ ಒಳ ಊರುಗಳ ಕೊನೆಯ ಬಸ್ಸು ಹೊರಟುಹೋಗಿರುತ್ತದೆ. ಆ ಹೊತ್ತಿಗೆ ಆಸ್ಪತ್ರೆಯದೇ ಒಂದು ಗಾಡಿ ಇರಲೇಬೇಕು. ಡೀಸೆಲ್ ಖರ್ಚು ಅನ್ನುವವರಿಗೆ ಒಬ್ಬ ನರ್ಸ್ ಹೋದಮೇಲೆ ಹೊಸಬರು ಬಂದು ಕೆಲಸ ಕಲಿಯುವವರೆಗೆ ಆಗುವ ಓವರ್‌ಟೈಮ್ ಖರ್ಚನ್ನು ತೋರಿಸಿ.

ಸಂದರ್ಶನದಲ್ಲಿ ‘ಐದು ವರ್ಷದ ನಂತರ ಎಲ್ಲಿರುತ್ತೀರಿ’ ಎಂದು ಕೇಳುವುದರಿಂದ ಏನೂ ತಿಳಿಯುವುದಿಲ್ಲ. ಕೆಲಸ ಮಾಡಿಸಿ ನೋಡಿ. 500 ಮಿಲೀ ಡ್ರಿಪ್, ನಾಲ್ಕು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ನಳಿಕೆಯ ಸೆಟ್ಟಿನಲ್ಲಿ ಮಿಲೀಗೆ 20 ಹನಿ, ಹಾಗಾದರೆ ನಿಮಿಷಕ್ಕೆ ಎಷ್ಟು ಹನಿ? ಸುಮಾರು 42 ಎಂದು ಕಾಗದದಲ್ಲಿ ಲೆಕ್ಕ ಹಾಕಿ ಹೇಳಲಿ, ಆತುರ ಬೇಡ. ಆಮೇಲೆ ಭಾಷೆ. ಇಲ್ಲಿನ ಒಪಿಡಿಯಲ್ಲಿ (ಹೊರರೋಗಿ ವಿಭಾಗ) ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಭಾಷೆ, ತೋಟದ ಲೈನ್ ಮನೆಗಳಿಂದ ಬರುವ ಅಸ್ಸಾಂ ಕಾರ್ಮಿಕರ ಹಿಂದಿ, ಎಲ್ಲವೂ ಒಂದೇ ಬೆಳಿಗ್ಗೆ ಕೇಳಿಸುತ್ತವೆ. ‘ನಾಳೆ ಸ್ಕ್ಯಾನಿಂಗ್ ಇದೆ, ಖಾಲಿ ಹೊಟ್ಟೆಯಲ್ಲಿ ಬನ್ನಿ’ ಅನ್ನುವುದನ್ನು ಕನ್ನಡ ಬಾರದ ಅಜ್ಜಿಗೆ ಹೇಳುವಂತೆ ಮಾಡಿ ತೋರಿಸಲು ಹೇಳಿ. ಕೈಸನ್ನೆ ಮಾಡಿ, ಅಜ್ಜಿಯಿಂದಲೇ ತಿರುಗಿ ಹೇಳಿಸಿ, ಅರ್ಥವಾಯಿತೇ ಎಂದು ನೋಡಿಕೊಂಡವರನ್ನು ಬಿಡಬೇಡಿ.

ಕಾಗದಪತ್ರದ ವಿಷಯ ಚಿಕ್ಕದು, ಆದರೆ ಕಟ್ಟುನಿಟ್ಟು. ಕೇರಳದಲ್ಲಿ ನೋಂದಣಿಯಾದವರಿಗೆ ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿಯೂ ಬೇಕು, ಅದಕ್ಕೆ ಸಮಯ ಹಿಡಿಯುವುದರಿಂದ ಆಫರ್ ಕೊಟ್ಟ ದಿನವೇ ಅರ್ಜಿ ಹಾಕಿಸಿ. ಮೂಲ ಸರ್ಟಿಫಿಕೇಟ್ ನೋಡಿ, ಪ್ರತಿ ಇಟ್ಟುಕೊಂಡು, ಅಲ್ಲೇ ಹಿಂತಿರುಗಿಸಿ. ಮೂಲ ದಾಖಲೆಯನ್ನು ಕಪಾಟಿನಲ್ಲಿಟ್ಟು ಜನರನ್ನು ಕಟ್ಟಿಹಾಕುವುದು ಅನ್ಯಾಯ. ಆಫರ್‌ನಲ್ಲಿ ಒಟ್ಟು ಸಂಬಳದ ಪಕ್ಕದಲ್ಲೇ ಪಿಎಫ್, ಇಎಸ್‌ಐ, ಹಾಸ್ಟೆಲ್, ಮೆಸ್ ಕಳೆದು ಕೈಗೆ ಬರುವ ಮೊತ್ತವನ್ನೂ ಬರೆಯಿರಿ. ಹಾಸ್ಟೆಲ್ ಕೋಣೆಯನ್ನು ಸಂದರ್ಶನದ ದಿನವೇ ತೋರಿಸಿ, ಗೋಡೆಯಲ್ಲಿ ತೇವವಿದ್ದರೆ ಅದನ್ನೂ ತೋರಿಸಿ.

ಸೇರಿದ ದಿನವೇ ಹೆಪಟೈಟಿಸ್ ಬಿ ಲಸಿಕೆಯ ದಾಖಲೆ ಕೇಳಿ. ಇಲ್ಲದಿದ್ದರೆ ಅಂದೇ ಮೊದಲ ಡೋಸ್, ಮುಂದಿನದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ, ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ. ರೋಗಿಗೆ ಬಳಸಿದ ಸೂಜಿ ಅಕಸ್ಮಾತ್ ತಮಗೇ ಚುಚ್ಚಿದರೆ ಯಾರಿಗೆ ಫೋನ್ ಮಾಡಬೇಕು ಎಂಬ ನಂಬರ್ ಐಡಿ ಕಾರ್ಡಿನ ಹಿಂದೆ ಇರಲಿ. ಎಚ್‌ಐವಿ ತಡೆ ಮಾತ್ರೆ ಆದಷ್ಟು ಬೇಗ, ಎರಡು ಗಂಟೆಯೊಳಗಾದರೆ ಉತ್ತಮ, 72 ಗಂಟೆ ದಾಟಲೇಬಾರದು. ಬೈಗುಳದ ಭಯಕ್ಕೆ ಹೊಸಬರು ಚುಚ್ಚಿದ್ದನ್ನೇ ಮುಚ್ಚಿಡುತ್ತಾರೆ. ಆದ್ದರಿಂದ ಹೇಳಿದವರಿಗೆ ಯಾವ ಮೆಮೋನೂ ಇಲ್ಲ ಎಂದು ಮೊದಲೇ ಬರವಣಿಗೆಯಲ್ಲಿ ಕೊಡಿ. ಏಳನೇ ದಿನ, ಮೂವತ್ತನೇ ದಿನ, ತೊಂಬತ್ತನೇ ದಿನ ಹತ್ತು ನಿಮಿಷ ಕೂತು ಮಾತಾಡಿ. ‘ನಿದ್ದೆ ಬರುತ್ತಾ? ಊಟ ಸೇರುತ್ತಾ? ಯಾರ ಜೊತೆ ಡ್ಯೂಟಿ ಬಿದ್ದರೆ ಹೆದರಿಕೆ?’ ಮೂರನೇ ಪ್ರಶ್ನೆಗೆ ಒಂದೇ ಹೆಸರು ಮೂವರಿಂದ ಬಂದರೆ, ಅದು ಹಿರಿಯ ಡಾಕ್ಟರದೇ ಆದರೂ, ಆ ವಾರವೇ ಮೆಡಿಕಲ್ ಸೂಪರಿಂಟೆಂಡೆಂಟ್ ಜೊತೆ ಕೂತು ಮಾತಾಡಬೇಕು. ಎಚ್‌ಆರ್‌ನವರು ಇಲ್ಲಿ ಹಿಂಜರಿದರೆ ವಾರ್ಡ್ ಅದನ್ನು ಎಂದೂ ಮರೆಯುವುದಿಲ್ಲ.

ರಜೆಯ ಪಟ್ಟಿಯನ್ನು ಜನವರಿಯಲ್ಲೇ ಗೋಡೆಗೆ ಹಾಕಿ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿಗೆ ಇಲ್ಲಿಯವರಿಗೆ ಮನೆಗೆ ಹೋಗಲೇಬೇಕು. ಓಣಂ, ಕ್ರಿಸ್‌ಮಸ್‌ಗೆ ಕೇರಳದವರಿಗೆ, ರಂಜಾನ್‌ಗೆ ಮುಸ್ಲಿಂ ಸಿಬ್ಬಂದಿಗೆ. ದಿನಗಳು ಬೇರೆ ಬೇರೆ ಆಗಿರುವುದರಿಂದ ಅವರವರೇ ಅದಲುಬದಲು ಮಾಡಿಕೊಳ್ಳುತ್ತಾರೆ, ನೀವು ಪಟ್ಟಿ ಇಟ್ಟರೆ ಸಾಕು. ಕಾಫಿ ಕೊಯ್ಲಿನ ದಿನಗಳಲ್ಲಿ ಸ್ವಂತ ತೋಟವಿರುವವರ ಅರ್ಜಿ ಬಂದೇ ಬರುತ್ತದೆ, ಅದಕ್ಕೂ ಜಾಗ ಬಿಡಿ.

ವಿದೇಶಕ್ಕೆ ಹೋಗುವ ಆಸೆಯಿರುವವರನ್ನು ಕಳ್ಳರಂತೆ ಕಾಣಬೇಡಿ. ‘ಎರಡು ವರ್ಷ ಇರಿ, ಹೊರಡುವ ಮೂರು ತಿಂಗಳ ಮುಂಚೆ ಹೇಳಿ, ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಕೊನೆಯ ದಿನವೇ ನಿಮ್ಮ ಕೈಗೆ’ ಎಂದು ಮೊದಲೇ ಮಾತಾಡಿಕೊಳ್ಳಿ. ಹಾಗೆ ಗೌರವದಿಂದ ಕಳಿಸಿಕೊಟ್ಟವರು ತಮ್ಮ ತಂಗಿಯನ್ನೋ ಕಾಲೇಜಿನ ಕಿರಿಯರನ್ನೋ ನಿಮ್ಮಲ್ಲಿಗೆ ಕಳಿಸುತ್ತಾರೆ. ಅವರು ಬರುವಾಗ ಮಳೆಯ ಬಗ್ಗೆ ಕೇಳಿಕೊಂಡೇ ಬಂದಿರುತ್ತಾರೆ, ಚೀಲದಲ್ಲಿ ಕೊಡೆಯೂ ಇರುತ್ತದೆ.