ಹದಿನೈದೂವರೆ ನಿಮಿಷ

"ಸರ್, ಹೊಸದಾಗಿ ಜೋಡಿಸಿದರೆ ಯಾವಾಗಲೂ ಸಿಗುತ್ತದೆ. ಸತ್ತಿರುವುದು ಹಳೆಯ ಜೋಡಣೆ."

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ, ಹದಿನಾಲ್ಕು ಜನರಿದ್ದ ಕರೆಯಲ್ಲಿ ರಾತ್ರಿ ಪಾಳಿಯ ಯುವತಿ ಹೇಳಿದ ಮಾತಿದು. ಅಲ್ಲಿಯವರೆಗೆ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ರಾತ್ರಿಯೆಲ್ಲ ಎಚ್ಚರವಿದ್ದ ಆಯಾಸಕ್ಕೋ ಏನೋ, ಆಕೆ ನನ್ನನ್ನುದ್ದೇಶಿಸಿ ಕನ್ನಡದಲ್ಲೇ ಹೇಳಿಬಿಟ್ಟಳು. ಅದು ಇಂದಿಗೂ ನನ್ನ ಕಿವಿಯಲ್ಲಿದೆ.

ಗ್ರಾಹಕರದು ಔಷಧ ವಿತರಣೆಯ ವ್ಯವಹಾರ. ಬೆಳಿಗ್ಗೆ ಆರಕ್ಕೆ ಆ ದಿನದ ಮೊದಲ ಲೋಡಿಂಗ್ ಪಟ್ಟಿ ನಮ್ಮ ತಂತ್ರಾಂಶದಿಂದ ಐಬಿಎಂ ಎಂಕ್ಯೂ (ತಂತ್ರಾಂಶಗಳ ನಡುವೆ ಸಂದೇಶ ಸಾಗಿಸುವ ವ್ಯವಸ್ಥೆ) ಸರತಿಗೆ ಬೀಳಬೇಕು, ಅಲ್ಲಿಂದ ಗೋದಾಮಿಗೆ ಹೋಗಬೇಕು. ಮೂರು ವಾರಗಳಿಂದ ಆ ಮೊದಲ ಪಟ್ಟಿ ಮಾತ್ರ ಎಲ್ಲೋ ಸಿಕ್ಕಿಕೊಳ್ಳುತ್ತಿತ್ತು. ಆರೂಕಾಲು ದಾಟಿದ ಮೇಲೆ ಲಾಗ್‌ನಲ್ಲಿ 2009 ಎಂಬ ಸಂಕೇತ ಕಾಣಿಸುತ್ತಿತ್ತು. ಸಂಪರ್ಕ ಕಡಿದಿದೆ ಎಂದು ಅದರ ಅರ್ಥ. ಯಾರೋ ಸೇವೆಯನ್ನು ರೀಸ್ಟಾರ್ಟ್ ಮಾಡುತ್ತಿದ್ದರು, ಪಟ್ಟಿ ಹೋಗುತ್ತಿತ್ತು, ದೂರು ಮುಚ್ಚುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಪ್ರತಿದಿನವೂ ಇದೇ. ಅತ್ತ ಇನ್ಸುಲಿನ್ ಇಟ್ಟ ತಂಪು ಪೆಟ್ಟಿಗೆಗಳ ಮುಂದೆ ವ್ಯಾನುಗಳು ಸಾಲುಗಟ್ಟಿ ನಿಂತಿರುತ್ತಿದ್ದವು. 2009 ಬಂದಾಗ ಸಂದೇಶ ಸರತಿಗೆ ತಲುಪಿತೋ ಇಲ್ಲವೋ ಎಂದು ಕಳಿಸಿದವರಿಗೆ ಖಚಿತವಾಗಿ ತಿಳಿಯುವುದಿಲ್ಲ. ಒಂದು ದಿನ ಅದೇ ಪಟ್ಟಿ ಎರಡು ಸಲ ಹೋಗಿ, ಹಮಾಲರು ತುಂಬಿದ್ದನ್ನೆಲ್ಲ ಮತ್ತೆ ಇಳಿಸಬೇಕಾಯಿತು. ಆ ದಿನ ಗೋದಾಮಿನ ಮೇಲ್ವಿಚಾರಕರು ಫೋನಿನಲ್ಲಿ ಬೈದದ್ದೂ ಆಕೆಯನ್ನೇ.

ಮಂಗಳವಾರದ ಕರೆಯಲ್ಲಿ ಎಲ್ಲರ ಬಳಿಯೂ ಸಾಕ್ಷ್ಯವಿತ್ತು. ನೆಟ್‌ವರ್ಕ್ ತಂಡ ಪಿಂಗ್ ಮಾಡಿ, ಅಂದರೆ ಆ ಕಡೆಯ ಯಂತ್ರವನ್ನು ಕೂಗಿ ಉತ್ತರ ಬರುವುದನ್ನು, ತೋರಿಸಿತು. ಎಂಕ್ಯೂವಿನ ಬಾಗಿಲಾದ 1414 ಪೋರ್ಟ್ ತೆರೆದೇ ಇತ್ತು. ಎಂಕ್ಯೂ ತಂಡದವರು ಪರದೆ ಹಂಚಿಕೊಂಡು ಚಾನೆಲ್ಲಿನ, ಅಂದರೆ ಸಂದೇಶ ಹರಿಯುವ ದಾರಿಯ, ಸ್ಥಿತಿ ತೋರಿಸಿದರು, 'ರನ್ನಿಂಗ್' ಎಂದಿತ್ತು. "ನಮ್ಮ ಕಡೆ ಏನೂ ಬದಲಾಗಿಲ್ಲ" ಎಂಬ ಮಾತು ನಾಲ್ಕು ಬಾಯಿಗಳಿಂದ ಬಂತು. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕೆಟ್ಟ ಮನಸ್ಸಿನಿಂದ ಯಾರೂ ಇದನ್ನು ಹೇಳುವುದಿಲ್ಲ, ನಿಜ. ಆದರೆ ಇದನ್ನು ಹೇಳಿದವನು ಆಮೇಲೆ ಹುಡುಕುವುದನ್ನು ನಿಲ್ಲಿಸಿಬಿಡುತ್ತಾನೆ.

ಆಗಲೇ ಆಕೆ ಆ ಮಾತು ಹೇಳಿದ್ದು. "ಯಾರು ಮಾತಾಡುತ್ತಿರುವುದು?" ಎಂದು ಒಬ್ಬರು ಕೇಳಿದರು. ಏನು ಹೇಳಿದ್ದು ಎಂದು ಯಾರೂ ಕೇಳಲಿಲ್ಲ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅರೆಕ್ಷಣದ ಮೌನ. ನಂತರ ನೆಟ್‌ವರ್ಕ್ ಮುಖ್ಯಸ್ಥರು ನನ್ನ ಹೆಸರು ಹಿಡಿದು, ಒಳ್ಳೆಯದನ್ನೇ ಪತ್ತೆ ಮಾಡಿದಿರಿ ಎಂದು ಹೊಗಳಿದರು. ಅದು ನನ್ನದಲ್ಲ ಎಂದು ಆ ಗಳಿಗೆಯಲ್ಲಿ ನಾನು ಹೇಳಲಿಲ್ಲ. ಮಾತು ಮುಂದಕ್ಕೆ ಓಡಿತ್ತು, ನಾನೂ ಅದರ ಜೊತೆ ಓಡಿದೆ.

ನಾವೆಲ್ಲರೂ ಮಾಡುತ್ತಿದ್ದುದು ಹೊಸ ಬಾಗಿಲು ತಟ್ಟುವ ಪರೀಕ್ಷೆ. ಪಿಂಗ್ ಹೊಸದು, ಪೋರ್ಟ್ ಪರೀಕ್ಷೆ ಹೊಸದು, ರೀಸ್ಟಾರ್ಟ್ ಆದರೂ ಹುಟ್ಟುವುದು ಹೊಸ ಸಂಪರ್ಕವೇ. ರಾತ್ರಿ ಹನ್ನೊಂದರಿಂದ ಒಂದೂ ಸಂದೇಶ ಕಾಣದೆ ಸುಮ್ಮನೆ ಕುಳಿತಿದ್ದ ಹಳೆಯ ಸಂಪರ್ಕವನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ಮೂರು ವಾರಗಳ ಹಿಂದೆ ದಾರಿಯನ್ನು ಹೊಸ ಫೈರ್‌ವಾಲ್‌ಗೆ (ನೆಟ್‌ವರ್ಕಿನ ಕಾವಲು ಯಂತ್ರಕ್ಕೆ) ಬದಲಿಸಲಾಗಿತ್ತು. ನಿಯಮಗಳನ್ನೆಲ್ಲ ಹಾಗೆಯೇ ನಕಲು ಮಾಡಿದ್ದರಿಂದ ಅವರ ಲೆಕ್ಕದಲ್ಲಿ ಏನೂ ಬದಲಾಗಿರಲಿಲ್ಲ. ಆದರೆ 3600 ಸೆಕೆಂಡು ಮಾತಿಲ್ಲದ ಸಂಪರ್ಕವನ್ನು ಈ ಹೊಸ ಫೈರ್‌ವಾಲ್ ಸದ್ದಿಲ್ಲದೆ ಮರೆಯುತ್ತಿತ್ತು, ಎರಡೂ ಬದಿಗೆ ಒಂದು ಸುಳಿವನ್ನೂ ಕೊಡದೆ. ಹಾಗಾಗಿಯೇ ಎಂಕ್ಯೂ ಪರದೆಯಲ್ಲಿ 'ರನ್ನಿಂಗ್' ಎಂದಿತ್ತು. ಸುಮ್ಮನಿರುವ ಸಂಪರ್ಕವನ್ನು ಆಗಾಗ ತಟ್ಟಿ ನೋಡುವ ಟಿಸಿಪಿ ಕೀಪ್‌ಅಲೈವ್ ಎರಡೂ ಕಡೆ ಚಾಲೂ ಇರಲಿಲ್ಲ. ಇದ್ದಿದ್ದರೂ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಅದರ ಮೂಲ ಅವಧಿ 7200 ಸೆಕೆಂಡು. ಬಾಗಿಲು ಮುಚ್ಚಿ ಒಂದು ಗಂಟೆಯಾದ ಮೇಲೆ ಬಂದು ತಟ್ಟುತ್ತಿತ್ತು. ಇನ್ನು ಎಂಕ್ಯೂವಿನ ಹಾರ್ಟ್‌ಬೀಟ್, ಸಂಪರ್ಕ ಜೀವಂತವಿದೆಯೇ ಎಂದು ಎಂಕ್ಯೂ ತಾನೇ ಕಳಿಸುವ ಪುಟ್ಟ ಸಂಕೇತ. ಏಳನೆಯ ಆವೃತ್ತಿಯಿಂದ ಅದು ಸುಮ್ಮನಿರುವ ಕ್ಲೈಂಟ್ ಸಂಪರ್ಕದಲ್ಲೂ ಎರಡೂ ದಿಕ್ಕಿನಲ್ಲಿ ಹರಿಯಬಲ್ಲದು, ಚಾನೆಲ್ಲಿನ ಶೇರ್‌ಸಿಎನ್‌ವಿ (ಒಂದೇ ಸಂಪರ್ಕವನ್ನು ಎಷ್ಟು ಸಂವಾದಗಳು ಹಂಚಿಕೊಳ್ಳಬಹುದು ಎಂಬ ಸಂಖ್ಯೆ) ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ. ವೇಗ ಹೆಚ್ಚಲಿ ಎಂದು ಯಾರೋ ಹಿಂದೆ ಅದನ್ನು ಸೊನ್ನೆ ಮಾಡಿಟ್ಟಿದ್ದರು.

ಕರೆ ಮುಗಿದ ಮೇಲೆ ಹಳೆಯ ದೂರುಗಳನ್ನು ತೆರೆದೆ. ಎರಡನೆಯ ದಿನವೇ ಆಕೆ ಬರೆದಿಟ್ಟಿದ್ದಳು: "ಮೊದಲ ಸಂದೇಶ ಮಾತ್ರ ಸೋಲುತ್ತದೆ. ನಿನ್ನೆಯೂ ಇಂದೂ ಸೋಲಲು ಹದಿನೈದೂವರೆ ನಿಮಿಷವೇ ಹಿಡಿದಿದೆ. ಯಾಕೆ ಅಷ್ಟೇ?" ಆ 'ಯಾಕೆ ಅಷ್ಟೇ' ಎಂಬುದರಲ್ಲಿ ಉತ್ತರವೇ ಇತ್ತು. ಉತ್ತರ ಬಾರದ ಪ್ಯಾಕೆಟ್ಟನ್ನು ಲಿನಕ್ಸ್ ಅಂತರ ಹಿಗ್ಗಿಸುತ್ತಾ 15 ಬಾರಿ ಮತ್ತೆ ಕಳಿಸುತ್ತದೆ; ಕೈಚೆಲ್ಲುವ ಹೊತ್ತಿಗೆ 924 ಸೆಕೆಂಡಾದರೂ ಕಳೆದಿರುತ್ತದೆ. ಅಂದರೆ ಹದಿನೈದೂವರೆ ನಿಮಿಷದ ಹತ್ತಿರ ಹತ್ತಿರ. ಆಕೆಗೆ ಈ ಲೆಕ್ಕ ಗೊತ್ತಿರಲಿಲ್ಲ. ಗಡಿಯಾರವನ್ನು ಮಾತ್ರ ಸರಿಯಾಗಿ ನೋಡಿದ್ದಳು. ಲೆಕ್ಕ ಗೊತ್ತಿದ್ದವನು ನಾನು. ಆ ಟಿಪ್ಪಣಿಯ ಕೆಳಗೆ ನನ್ನ ಹೆಸರಿನಲ್ಲಿ ಒಂದೇ ಸಾಲಿದೆ: "ರೀಸ್ಟಾರ್ಟ್ ಮಾಡಿ ಮುಚ್ಚಿಬಿಡಿ."

ಆ ಸಾಲನ್ನು ಎಷ್ಟು ಸಲ ಓದಿದೆನೋ. ನಮ್ಮ ಕಚೇರಿಯಲ್ಲಿ ರಾತ್ರಿ ಪಾಳಿಯವರನ್ನು ಗಂಟೆ ಬಾರಿಸುವವರೆಂದೇ ಎಣಿಸಿದ್ದೇವೆ. ಕೆಂಪು ದೀಪ ಹತ್ತಿದರೆ ಫೋನ್ ಮಾಡಬೇಕು, ಅಷ್ಟೇ ಅವರ ಕೆಲಸ. ಆದರೆ ಯಂತ್ರದ ಜೊತೆ ಅದು ಸುಮ್ಮನಿರುವ ಹೊತ್ತಿನಲ್ಲಿ ಎಚ್ಚರವಾಗಿ ಕೂರುವವರು ಅವರೊಬ್ಬರೇ. ಈ ರೋಗ ಹುಟ್ಟುತ್ತಿದ್ದುದೂ ಆ ಹೊತ್ತಿನಲ್ಲೇ. ಹಗಲಿನಲ್ಲಿ ಲಾಗ್ ಓದುವ ನಮಗೆ ಸಿಗುತ್ತಿದ್ದುದು ಅದರ ಕೂಗು ಮಾತ್ರ. ಆಕೆ ಎಂಟು ತಿಂಗಳಿಂದ ಗುತ್ತಿಗೆಯಲ್ಲಿದ್ದಾಳೆ. ಎಂಕ್ಯೂ ತರಬೇತಿಯ ಪಟ್ಟಿಯಲ್ಲಿ ಆಕೆಯ ಹೆಸರು ಒಮ್ಮೆಯೂ ಬಂದಿಲ್ಲ. ಆ ಪಟ್ಟಿ ಮಾಡುವವರಲ್ಲಿ ನಾನೂ ಒಬ್ಬ.

ಬುಧವಾರ ರಾತ್ರಿ ಶೇರ್‌ಸಿಎನ್‌ವಿಯನ್ನು ಹತ್ತಕ್ಕೆ ಏರಿಸಿ ಚಾನೆಲ್ ಮರುಪ್ರಾರಂಭಿಸಿದೆವು. ಹಾರ್ಟ್‌ಬೀಟ್ ಅಂತರವನ್ನು ಮೊದಲಿನ 300 ಸೆಕೆಂಡಿಗೇ ಬಿಟ್ಟೆವು. ಗುರುವಾರ ಬೆಳಿಗ್ಗೆ ನಾನೂ ಆಕೆಯ ಜೊತೆ ಕರೆಯಲ್ಲಿ ಕಾದು ಕುಳಿತಿದ್ದೆ. ಆರಕ್ಕೆ ಪಟ್ಟಿ ಹೊರಟಿತು, ಅದೇ ಸೆಕೆಂಡಿನಲ್ಲಿ ಸರತಿಗೆ ಬಿತ್ತು. ಆಕೆ "ಹೋಯಿತು" ಎಂದಳು. ಅವಳ ಕಡೆಯಿಂದ ಒಂದು ಆಕಳಿಕೆ ಕೇಳಿಸಿತು.

ಮಧ್ಯಾಹ್ನ ಮೇಲಿನವರಿಂದ ಅಭಿನಂದನೆಯ ಮಿಂಚಂಚೆ ಬಂತು. ಐದು ಹೆಸರುಗಳಿದ್ದವು, ಮೊದಲನೆಯದು ನನ್ನದು. ಆಕೆಯದಿರಲಿಲ್ಲ. ಈ ಸಲ ತಡ ಮಾಡಲಿಲ್ಲ. ಎಲ್ಲರಿಗೂ ಕಾಣುವಂತೆ ಉತ್ತರ ಬರೆದು, ಆಕೆಯ ಟಿಪ್ಪಣಿಯನ್ನೂ ಅದರ ಕೆಳಗಿನ ನನ್ನ ಸಾಲನ್ನೂ ದಿನಾಂಕ ಸಹಿತ ಜೋಡಿಸಿದೆ. ಅಭಿನಂದನೆಗಳು ಆಕೆಗೆ ಹೋದವು. ನನ್ನ ಸಾಲಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಸಂಜೆ ಪಾಳಿಗೆ ಬಂದವಳಿಗೆ ದೂರನ್ನು ಮುಚ್ಚಬಹುದು ಎಂದೆ. "ಬೇಡ ಸರ್. ಭಾನುವಾರ ಗೋದಾಮಿಗೆ ರಜೆ. ಅಷ್ಟು ಹೊತ್ತು ಅದು ಸುಮ್ಮನಿದ್ದುದನ್ನು ನಾವಿನ್ನೂ ನೋಡಿಲ್ಲ. ಸೋಮವಾರ ಆರು ಗಂಟೆ ಆಗಲಿ."

ದೂರು ಆಕೆಯ ಹೆಸರಿನಲ್ಲಿ ಇನ್ನೂ ತೆರೆದೇ ಇದೆ.