ಕಂಡಕ್ಟರ್ ಅಪ್ಪ ಮತ್ತೆ ಇನ್ನೂರು ವರ್ಷದ ಟೋಲ್ ರೋಡು

ಹೋದ ವರ್ಷ ಅಪ್ಪ ಬರ್ಮಿಂಗ್‌ಹ್ಯಾಮಿಗೆ ನಮ್ಮನೆಗೆ ಬಂದಿದ್ದಾಗ ವೇಲ್ಸ್ ಕಡೆ ಎರಡು ದಿನ ಸುತ್ತೋಣ ಅಂತ ಕಾರ್ ತಗೊಂಡು ಹೊರಟ್ವಿ. ಎ-5 ರೋಡು, ಲ್ಯಾಂಗೊಲೆನ್ ದಾಟಿ ಸುಮಾರು ದೂರ ಹೋದ್ಮೇಲೆ ಹಿಂದಿನ ಸೀಟಲ್ಲಿ ಮಗಳು ವಾಂತಿ ಮಾಡ್ಕೊಂಡ್ಲು. ನಾನು ಗಾಡಿ ಸೈಡಿಗೆ ಹಾಕಿ ನೀರು, ಟಿಶ್ಯೂ, ಬೇರೆ ಬಟ್ಟೆ ಅಂತ ಒದ್ದಾಡ್ತಾ ಇದ್ರೆ ಅಪ್ಪ ಎಲ್ಲೂ ಕಾಣ್ತಿಲ್ಲ, ನೋಡಿದ್ರೆ ಹುಲ್ಲಲ್ಲಿ ಕುಕ್ಕರುಗಾಲಲ್ಲಿ ಕೂತ್ಕೊಂಡು ಒಂದು ಕಲ್ಲನ್ನ ಕರ್ಚೀಫಲ್ಲಿ ಉಜ್ತಾ ಇದಾರೆ.

"ಬಾರೋ ಇಲ್ಲಿ, ಮೈಲಿಗಲ್ಲು! ಫರ್ಲಾಂಗೂ ಹಾಕವ್ರೆ!"

ಅಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದೋರು. ಸ್ಟೇಜು, ದೂರ, ರೇಟು ಇವು ಮೂರು ಕಂಡ್ರೆ ಊಟ ತಿಂಡಿ ಬೇಡ ಅವರಿಗೆ. ಕಲ್ಲಿನ ಮಧ್ಯೆ ಕೂರಿಸಿದ ಕಬ್ಬಿಣದ ಪ್ಲೇಟು, ಅದ್ರಲ್ಲಿ ಮೇಲೆ ಹೋಲಿಹೆಡ್, ಕೆಳಗೆ ಕೆರ್ನಿಯೋಗೆ ಅಂತ ಇತ್ತು. ಕೆರ್ನಿಯೋಗೆ ಎಷ್ಟು ದೊಡ್ಡ ಊರೋ ಅಂತ ಫೋನಲ್ಲಿ ಹುಡುಕಿದ್ರೆ ಊರೇ ಇಲ್ಲ, ಒಂದು ಫಾರ್ಮ್ ಮನೆ ಅಷ್ಟೆ! ಕುದುರೆ ಗಾಡಿ ಕಾಲದಲ್ಲಿ ಅಲ್ಲೊಂದು ಛತ್ರದ ಥರ ಇತ್ತಂತೆ, ಮೇಲ್ ಕೋಚುಗಳು, ಅಂದ್ರೆ ಟಪಾಲು ಸಾಗಿಸೋ ಕುದುರೆ ಗಾಡಿಗಳು, ಅಲ್ಲಿ ಕುದುರೆ ಬದಲಾಯಿಸ್ತಿದ್ವು. ಅಪ್ಪ ತಕ್ಷಣ "ಓಹೋ, ನಾವು ಊಟಕ್ಕೆ ನಿಲ್ಲಿಸ್ತಿದ್ವಲ್ಲ ಆ ಥರ ಹೋಟ್ಲು. ಡ್ರೈವರಿಗೆ ಫ್ರೀ ಊಟ ಇದ್ದಿರ್ಬೇಕು" ಅಂದ್ರು. ಇದ್ರೂ ಇರಬಹುದು ಬಿಡಿ.

ಈ ರೋಡ್ ಮಾಡಿಸಿದ್ದು ಥಾಮಸ್ ಟೆಲ್ಫರ್ಡ್ ಅನ್ನೋ ಇಂಜಿನಿಯರ್. 1801ರಲ್ಲಿ ಐರ್ಲೆಂಡ್ ಬ್ರಿಟನ್ ಜೊತೆ ಸೇರಿದ್ಮೇಲೆ ಅಲ್ಲಿನ ಎಂಪಿಗಳು ಲಂಡನ್ನಿಗೇ ಬರಬೇಕಾಯ್ತು, ಹಡಗಿಳಿದ್ರೆ ಹೋಲಿಹೆಡ್, ಅಲ್ಲಿಂದ ಈ ಬೆಟ್ಟದ ರಸ್ತೆ, ಮೈ ಕೈ ಎಲ್ಲ ಪುಡಿಪುಡಿ. ದೊಡ್ಡೋರ ಸೊಂಟ ನೋವಾದ್ರೆ ರೋಡು ಬೇಗ ರಿಪೇರಿ ಆಗತ್ತೆ, ಅಲ್ಲೂ ಅಷ್ಟೆ. 1815ರಿಂದ ಕೆಲಸ ಶುರು, 1826ಕ್ಕೆ ಇದೇ ರೋಡಿನ, ಸಮುದ್ರ ದಾಟಿಸೋ ಮೆನಾಯ್ ಸೇತುವೆ ಓಪನ್.

ಸೇತುವೆ ದಾಟಿದ್ರೆ 58 ಅಕ್ಷರದ ಹೆಸರಿನ ಆ ಫೇಮಸ್ ಊರು, ಎಲ್ರೂ ರೈಲ್ವೆ ಸ್ಟೇಷನ್ ಬೋರ್ಡ್ ಮುಂದೆ ಫೋಟೋ ತೆಗೆಸ್ಕೊಳ್ತಾರಲ್ಲ, ಅದೇ. ಅಪ್ಪ ಅದನ್ನ ಕಣ್ಣೆತ್ತಿ ನೋಡ್ಲಿಲ್ಲ. ಅಲ್ಲೇ ರೋಡ್ ಪಕ್ಕ ಹಳೇ ಟೋಲ್ ಮನೆ ಇದೆ, ಗೋಡೆ ಮೇಲೆ ರೇಟ್ ಬೋರ್ಡು. ಅದರ ಮುಂದೆ ನಿಂತವರು ಅಲ್ಲಾಡ್ಲೇ ಇಲ್ಲ. ಸ್ಪ್ರಿಂಗ್ ಇರೋ ಕೋಚ್ ಎಳೆಯೋ ಒಂದೊಂದು ಕುದುರೆಗೂ 4 ಪೆನ್ನಿ, ಸಾಮಾನಿನ ಗಾಡಿಯದ್ದಾದ್ರೆ 3, ಬರೀ ಕುದುರೆ 1, ದನ ಇಪ್ಪತ್ತಕ್ಕೆ 10, ಕುರಿ ಹಂದಿ ಇಪ್ಪತ್ತಕ್ಕೆ 5. "ನಾನೂ ಕುರಿಗೆ ಲಗೇಜ್ ಟಿಕೆಟ್ ಹರಿದಿದೀನಿ ಕಣೋ, ಎಷ್ಟು ಜಗಳ ಗೊತ್ತಾ" ಅಂದ್ರು. ಗೊಬ್ಬರಕ್ಕೆ ಸುಣ್ಣ ಸಾಗಿಸೋ ಗಾಡಿಗೆ ಮಾತ್ರ ಅರ್ಧ, ಒಂದೂವರೆ ಪೆನ್ನಿ.

ಆ ಸುಣ್ಣದ ಹಿಂದೆ ದೊಡ್ಡ ಕಥೆನೇ ಇದೆ. ರೋಡು ನೋಡ್ಕೊಳ್ಳೋ ಟ್ರಸ್ಟುಗಳು ಟೋಲ್ ಗೇಟುಗಳನ್ನ ಹರಾಜು ಹಾಕಿ ಗುತ್ತಿಗೆಗೆ ಕೊಡ್ತಿದ್ವು, ಗುತ್ತಿಗೆದಾರ ಬಿಡ್ತಾನಾ. ವೇಲ್ಸಿನ ನೈಋತ್ಯ ಭಾಗದಲ್ಲಿ ಮಾರು ಮಾರಿಗೂ ಗೇಟು, ಹೊಲಕ್ಕೆ ಸುಣ್ಣ ತರೋ ರೈತರ ಜೇಬೆಲ್ಲ ಟೋಲಿಗೇ ಖಾಲಿ. 1839ರಿಂದ 1843ರವರೆಗೆ ಗಂಡಸರು ರಾತ್ರಿ ಹೆಂಗಸರ ಬಟ್ಟೆ ಹಾಕ್ಕೊಂಡು, ಮುಖಕ್ಕೆ ಮಸಿ ಬಳ್ಕೊಂಡು ಹೋಗಿ ಗೇಟು ಒಡೆದು ಹಾಕ್ತಿದ್ರು, ರೆಬೆಕ್ಕಾ ದಂಗೆ ಅಂತಾರೆ. ನಾನು ಇದನ್ನ ಹೇಳಿದ್ರೆ ಅಪ್ಪ, "ಮತ್ತಿನ್ನೇನ್ ಮಾಡ್ತಾರೆ, ಸುಂಕದವರ ಹತ್ರ ಸುಖದುಃಖ ಹೇಳ್ಕೊಳ್ಳಕ್ಕಾಗತ್ತಾ" ಅಂದ್ರು. ಊರಲ್ಲಿ ಅಪ್ಪನ ಮನೆ ಇರೋದು ಸುಂಕದಕಟ್ಟೇಲಿ, ದಿನಾ ಬಾಯಲ್ಲಿ ಬರೋ ಆ ಹೆಸರಲ್ಲೇ ಸುಂಕ ಇದೆ ಅಂತ ನನಗೆ ಹೊಳೆದಿದ್ದು ಅವತ್ತು, ಅಲ್ಲಿ ನಿಂತಾಗ.

ಆಮೇಲೆ ರೈಲು ಬಂತು, ಕೋಚುಗಳು ಹೋದ್ವು, ಗೇಟುಗಳ ಕಲೆಕ್ಷನ್ ಬಿದ್ದೋಯ್ತು. ಆದ್ರೂ ಇಲ್ಲಿ 1895ರ ತನಕ ಎಳೆದಾಡಿದಾರೆ, ಆ ಥರದ ಟೋಲ್ ಟ್ರಸ್ಟುಗಳಲ್ಲಿ ಇದೇ ಕೊನೇದು.

ಮಳೆ ಹನಿ ಶುರುವಾಯ್ತು, ಮಗಳಿಗೆ ಹಸಿವು ಬೇರೆ, ಅಪ್ಪ ಮಾತ್ರ ಅಲ್ಲೇ.

"ನಿನ್ ಕಾರು ಎಷ್ಟು ಹಾರ್ಸ್ ಪವರು?"

"ನೂರಾ ಹತ್ತು ಇರ್ಬೇಕು ಅಪ್ಪ, ಬನ್ನಿ ಹೋಗೋಣ."

"ಸ್ಪ್ರಿಂಗ್ ಇದೆ ತಾನೆ? ತಲೆಗೆ ನಾಕರಂಗೆ ನಾನೂರಾ ನಲವತ್ತು ಪೆನ್ನಿ. ಆಗ ಪೌಂಡಿಗೆ ಎಷ್ಟು ಪೆನ್ನಿ?"

ಇನ್ನೂರಾ ನಲವತ್ತು ಅಂದೆ. ಬೆರಳು ಮಡಚಿ ಲೆಕ್ಕ ಹಾಕಿ, "ಒಂದು ಪೌಂಡು, ಮೇಲೆ ಇನ್ನೂರು ಪೆನ್ನಿ. ಚಿಲ್ಲರೆ ಇಟ್ಕೊ" ಅಂತ ಹೇಳಿ ಕಾರ್ ಹತ್ತಿ ಕೂತ್ರು.