ಯುದ್ಧ ಮತ್ತು ಶಾಂತಿ: ನಾಲ್ಕನೇ ಸಲಕ್ಕೆ ಒಳಗೆ ಹೋದೆ

ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ'ಯ ಮೊದಲ ಎರಡು ಭಾಗ ನಿನ್ನೆ ರಾತ್ರಿಗೆ ಮುಗಿಯಿತು. ಹನ್ನೊಂದು ವರ್ಷದಲ್ಲಿ ಇದು ನಾಲ್ಕನೇ ಪ್ರಯತ್ನ. ಹಿಂದಿನ ಮೂರು ಸಲವೂ ಒಂದೇ ಜಾಗದಲ್ಲಿ ನಿಂತುಹೋಗಿದ್ದೆ. ಯಾವ ಜಾಗ ಅಂತ ಈ ಕಾದಂಬರಿ ಕೈಗೆತ್ತಿಕೊಂಡವರಿಗೆಲ್ಲ ಗೊತ್ತು. ಅನ್ನಾ ಪಾವ್ಲೊವ್ನಾ ಶೆರೆರ್ ಮನೆಯ ಸಂಜೆ ಕೂಟ.

ಪೆನ್ಸಿಲ್, ಹೆಸರಿನ ಪಟ್ಟಿ, ದಿನಕ್ಕಿಷ್ಟು ಪುಟ ಅನ್ನುವ ಲೆಕ್ಕ, ಇವೆಲ್ಲ ದಪ್ಪ ಪುಸ್ತಕ ಓದುವವರಿಗೆ ಹೇಳಬೇಕಾಗಿಲ್ಲ. ನಾನೂ ಎಲ್ಲ ಮಾಡಿದ್ದೆ. ನೇರವಾಗಿ ತೊಂದರೆಗೆ ಬರುತ್ತೇನೆ.

ಅದಕ್ಕೂ ಮೊದಲು ಪುಸ್ತಕ ಬಂದ ಕಥೆ ಸ್ವಲ್ಪ ಹೇಳಲೇಬೇಕು, ಸಿಟ್ಟು ಇನ್ನೂ ಇಳಿದಿಲ್ಲ. ಕನ್ನಡ ಅನುವಾದದ ಹಳೆಯ ಪ್ರತಿ ಅದು. ಹಿಂದಿನ ಓದುಗರು ಯಾರೋ ಅದನ್ನು ಬಿಚ್ಚಿ ಮೂರು ಕಟ್ಟು ಮಾಡಿ ಹೊಲಿಸಿದ್ದರು, ಮಲಗಿ ಓದೋಕೆ ಬಹಳ ಅನುಕೂಲ. ಆದರೆ ಮಾರಿದವರು ಮೂರನ್ನೂ ಒಂದೇ ಸಲ ಕಳಿಸಬೇಕು ತಾನೆ? ಜೂನ್‌ನಲ್ಲಿ ಮಧ್ಯದ ಕಟ್ಟು ಬಂತು. ಹತ್ತು ದಿನ ಬಿಟ್ಟು ಕೊನೆಯದು. ಮೊದಲನೆಯದು ಬರುವಾಗ ಜುಲೈ ಎರಡನೇ ವಾರ, ಸೋಮವಾರಪೇಟೆಯಲ್ಲಿ ಮಳೆ ಹೊಡೆಯುತ್ತಿತ್ತು, ಮೇಲೆ ಒಂದು ಪ್ಲಾಸ್ಟಿಕ್ ಕೂಡ ಸುತ್ತಿರಲಿಲ್ಲ. ಫೋನ್ ಮಾಡಿದರೆ "ಬಿಸಿಲಿಗೆ ಇಡಿ ಸರ್" ಅಂದರು. ಜುಲೈಯಲ್ಲಿ, ಕೊಡಗಿನಲ್ಲಿ, ಬಿಸಿಲಿಗೆ! ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕು ದಿನ ಇಟ್ಟು, ಹಾಳೆ ಹಾಳೆ ಬಿಡಿಸಿ ಬೂಷ್ಟು ಒರೆಸಿದ ಮೇಲೆ ಓದುವ ಹಾಗಾಯಿತು. ಈಗಲೂ ಹೊಗೆ ವಾಸನೆ ಇದೆ.

ಇನ್ನು ತೊಂದರೆ. ಕಾದಂಬರಿ ಶುರುವಾಗುವುದು 1805ರ ಜುಲೈಯಲ್ಲಿ, ಪೀಟರ್ಸ್‌ಬರ್ಗ್‌ನ ದೊಡ್ಡ ಮನೆಯೊಂದರಲ್ಲಿ. ಮೂಲದಲ್ಲಿ ಮೊದಲ ಮಾತೇ ಫ್ರೆಂಚ್‌ನಲ್ಲಿದೆ. ಒಬ್ಬೊಬ್ಬರೇ ಬರುತ್ತಾರೆ, ಕೂರುತ್ತಾರೆ, ನೆಪೋಲಿಯನ್ ಬಗ್ಗೆ ಮಾತಾಡುತ್ತಾರೆ, ಹೋಗುತ್ತಾರೆ. ಯಾರ ಮೇಲೂ ನನಗೆ ಪ್ರೀತಿ ಹುಟ್ಟುವುದಿಲ್ಲ, ಯಾಕೆಂದರೆ ಯಾರೂ ಇನ್ನೂ ಏನೂ ಮಾಡಿಲ್ಲ. ಐನೂರಕ್ಕೂ ಹೆಚ್ಚು ಪಾತ್ರಗಳಿರುವ ಪುಸ್ತಕ ಅಂತ ಮೊದಲೇ ಕೇಳಿದ್ದೆ, ಹಾಗಾಗಿ ಯಾರನ್ನು ನೆನಪಿಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಅಂತಲೇ ತಿಳಿಯದೆ ಎಲ್ಲರನ್ನೂ ಬರೆದುಕೊಂಡು, ಪಟ್ಟಿ ಎರಡು ಪುಟ ದಾಟಿದ ಮೇಲೆ ಪುಸ್ತಕಕ್ಕಿಂತ ಪಟ್ಟಿಯನ್ನೇ ಜಾಸ್ತಿ ನೋಡುತ್ತಿದ್ದೆ.

ಹೆಸರಿನ ಗೋಜಲು ಬಿಡಿಸೋಕೆ ಒಂದು ವಾರ ಹಿಡಿಯಿತು. ಅದು ಬಿಟ್ಟದ್ದು ನಮ್ಮೂರಿನ ದಾರಿಯಲ್ಲೇ. ಕೊಡಗಿನಲ್ಲಿ ಬೆಳೆದವರಿಗೆ ಒಬ್ಬನಿಗೆ ಮೂರು ಹೆಸರು ಹೊಸದಲ್ಲ. ನನ್ನ ಜೊತೆ ಓದಿದ ಕೊಡವ ಹುಡುಗನಿಗೆ ಹಾಜರಿ ಪುಸ್ತಕದಲ್ಲಿ ಮನೆಹೆಸರು ಮೊದಲು, ಆಮೇಲೆ ಅವನ ಹೆಸರು. ಮೇಷ್ಟ್ರು ಕೂಗುವುದು ಮನೆಹೆಸರು ಹಿಡಿದು. ಅವನ ಮನೆಗೆ ಹೋದರೆ ಅಲ್ಲಿ ಕರೆಯುವುದು ಬೇರೆಯೇ ಒಂದು ಮುದ್ದಿನ ಹೆಸರು. ಅರೆಭಾಷೆ ಗೌಡರಲ್ಲೂ ಮನೆಹೆಸರು ಇದೆ. ನಮಗೆ ಯಾವತ್ತಾದರೂ ಗೊಂದಲ ಆಗಿದೆಯಾ? ಇಲ್ಲ. ಯಾಕೆಂದರೆ ಯಾವ ಹೆಸರನ್ನು ಯಾರು ಕರೆಯುತ್ತಾರೆ ಅಂತ ನಮಗೆ ಗೊತ್ತು.

ರಷ್ಯನ್ನರದ್ದೂ ಅದೇ. ಬೆಜುಖೋವ್ ಮನೆಹೆಸರು. ಪ್ಯೋತರ್ ಅವನ ಹೆಸರು. ಕಿರಿಲ್ಲೊವಿಚ್ ಅಂದರೆ ಕಿರಿಲ್‌ನ ಮಗ. ಪಿಯೇರ್ ಅನ್ನುವುದು ಅದೇ ಪ್ಯೋತರ್‌ನ ಫ್ರೆಂಚ್ ರೂಪ, ಬಳಗದವರು ಕರೆಯುವುದು ಹಾಗೆ. ಅನ್ನಾ ಪಾವ್ಲೊವ್ನಾ ಅಂದರೆ ಪಾವೆಲ್‌ನ ಮಗಳು ಅನ್ನಾ, ಕೂಟದ ಯಜಮಾನಿ. ಅನ್ನಾ ಮಿಖೈಲೊವ್ನಾ ಅಂದರೆ ಮಿಖೈಲ್‌ನ ಮಗಳು ಅನ್ನಾ, ಮಗ ಬೊರಿಸ್‌ಗೆ ಸೈನ್ಯದಲ್ಲಿ ಒಳ್ಳೆಯ ಜಾಗ ಕೊಡಿಸಿ ಅಂತ ಬೇಡಲು ಬಂದವಳು. ಹಿಂದಿನ ಪ್ರಯತ್ನಗಳಲ್ಲಿ ಇವರಿಬ್ಬರೂ ಒಬ್ಬಳೇ ಅಂದುಕೊಂಡಿದ್ದೆ, ಅದಕ್ಕೇ ಯಜಮಾನಿ ತನ್ನ ಮನೆಯಲ್ಲೇ ಯಾಕೆ ಹೀಗೆ ಅಂಗಲಾಚುತ್ತಾಳೆ ಅಂತ ಅರ್ಥವೇ ಆಗಿರಲಿಲ್ಲ. ಬೊಲ್ಕೋನ್‌ಸ್ಕಿ, ಬೊಲ್ಕೋನ್‌ಸ್ಕಯಾ ಎರಡು ಬೇರೆ ಮನೆತನ ಅಂತಲೂ ನಂಬಿದ್ದೆ. ಒಂದೇ ಮನೆ, ಗಂಡಸಿಗೊಂದು ಕೊನೆ, ಹೆಂಗಸಿಗೊಂದು ಕೊನೆ.

ಆದ್ದರಿಂದ ಪಟ್ಟಿ ಹರಿದು ಹಾಕಿ ಹೊಸದಾಗಿ ಬರೆದೆ, ಈ ಸಲ ಮನೆಹೆಸರಿನ ಪ್ರಕಾರ. ರೊಸ್ತೊವ್ ಮನೆ, ಬೊಲ್ಕೋನ್‌ಸ್ಕಿ ಮನೆ, ಬೆಜುಖೋವ್ ಮನೆ, ಕುರಾಗಿನ್ ಮನೆ, ದ್ರುಬೆತ್‌ಸ್ಕೊಯ್ ಮನೆ. ಐದು ಮನೆ. ಉಳಿದವರು ನೆಂಟರು, ದಾರಿಹೋಕರು. ಇದನ್ನು ಮಾಡುವಾಗಲೇ ಮುಂದಿನ ಕೆಲಸ ಹೊಳೆಯಿತು. ನಡಿಕೇರಿಯಂಡ ಚಿಣ್ಣಪ್ಪ ಅವರು 1924ರಲ್ಲಿ ಹೊರತಂದ ಕೊಡವ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ'ಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಕನ್ನಡ ಲಿಪಿಯಲ್ಲೇ ಇದೆ, ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ನನಗೆ ಅರ್ಧಂಬರ್ಧ ಬರುತ್ತದೆ, ಆ ಸಹಪಾಠಿ ಹಾಡಿಗೆ ಬಡಿಯುವ ಸಣ್ಣ ವಾದ್ಯ ದುಡಿ ಹಿಡಿದು ಕೂರುತ್ತೇನೆ ಅಂದಿದ್ದಾನೆ. ಅದು ಮಳೆ ಬಿಟ್ಟ ಮೇಲೆ. ಈಗ ವಾಪಸ್ ಪೀಟರ್ಸ್‌ಬರ್ಗ್‌ಗೆ.

ಹೆಸರು ಬಿಡಿಸಿದ ಮೇಲೂ ಕೂಟ ಸಪ್ಪೆಯಾಗೇ ಇತ್ತು. ಇದು ನನ್ನನ್ನು ಬಹಳ ಕಾಡಿತು. ಎಲ್ಲ ಗೊತ್ತಾಗುತ್ತಿದೆ, ಆದರೆ ಮನಸ್ಸು ಅಲ್ಲಿಲ್ಲ. ಕೂಟದವರಿಗೆ ನೆಪೋಲಿಯನ್ ಮೇಲಿರುವ ಸಿಟ್ಟಿನ ಕಾರಣ ಹುಡುಕಿದೆ. 1804ರ ಮಾರ್ಚ್‌ನಲ್ಲಿ ನೆಪೋಲಿಯನ್ ಫ್ರಾನ್ಸಿನ ಹಳೆಯ ರಾಜವಂಶದ ಎಂಗಿಯೆನ್ ಡ್ಯೂಕ್‌ನನ್ನು ಹಿಡಿದು ತರಿಸಿ ಗುಂಡಿಕ್ಕಿ ಕೊಲ್ಲಿಸಿದ್ದ. ಕೂಟದಲ್ಲಿ ಎಲ್ಲರೂ ಹಾರಾಡುವುದು ಅದಕ್ಕೆ. ನೆಪೋಲಿಯನ್‌ನನ್ನು ಬೈಯುವುದು ನೆಪೋಲಿಯನ್‌ನ ಭಾಷೆಯಲ್ಲೇ ಅನ್ನುವುದು ಆಗ ಚುರುಕ್ ಅಂತು. ಆದರೂ ಹದಿನೈದನೇ ಪುಟಕ್ಕೆ ನಿದ್ದೆ.

ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ಕ್ಕೆ, ದೊಡ್ಡಪ್ಪನ ಮನೆಗೆ ಹೋಗಿದ್ದೆ. ಮದ್ದು ಸೊಪ್ಪಿನ ಪಾಯಸ ಮಾಡಿದ್ದರು, ನೇರಳೆ ಬಣ್ಣ, ಮೇಲೆ ಜೇನು. ಕರೆಂಟ್ ಇರಲಿಲ್ಲ. ದೊಡ್ಡಪ್ಪನಿಗೆ ಎಪ್ಪತ್ತೆಂಟು, ಕಣ್ಣಿಗೆ ಪೊರೆ, ಓದೋಕಾಗುವುದಿಲ್ಲ. ಆರ್ಟಿಲರಿಯಲ್ಲಿ, ಅಂದರೆ ಸೈನ್ಯದ ಫಿರಂಗಿ ದಳದಲ್ಲಿ, ಹವಾಲ್ದಾರ್ ಆಗಿದ್ದವರು, 1971ರಲ್ಲಿ ಸೇವೆಯಲ್ಲಿದ್ದರು. ನನ್ನ ಚೀಲದಲ್ಲಿ ಪುಸ್ತಕ ನೋಡಿ, "ಯುದ್ಧ ಅಂತ ಹೆಸರಿದೆ, ಯುದ್ಧ ಎಲ್ಲಿದೆ? ಅದನ್ನೇ ಓದು ಮಗಾ" ಅಂದರು.

ಮೊದಲ ಭಾಗ ಹಾರಿಸಿಬಿಟ್ಟೆ. ಎರಡನೇ ಭಾಗ ತೆಗೆದೆ, ಲಾಟೀನು ಬೆಳಕಿನಲ್ಲಿ ಗಟ್ಟಿಯಾಗಿ ಓದೋಕೆ ಶುರು ಮಾಡಿದೆ. ಐದನೇ ಸಂಜೆಗೆ ಶೋನ್‌ಗ್ರಾಬರ್ನ್ ಕಾಳಗಕ್ಕೆ ಬಂದೆವು. 1805ರ ನವೆಂಬರ್. ರಷ್ಯದ ಜನರಲ್ ಬಗ್ರಾತಿಯೋನ್ ಚಿಕ್ಕ ದಂಡು ಕಟ್ಟಿಕೊಂಡು ಫ್ರೆಂಚರನ್ನು ತಡೆದು ನಿಲ್ಲಿಸಬೇಕು, ಅಷ್ಟರಲ್ಲಿ ಕುತುಜೋವ್‌ನ ದೊಡ್ಡ ಸೈನ್ಯ ಹಿಂದೆ ಸರಿದು ಪಾರಾಗಬೇಕು. ನಾನು ವಿವರಿಸಲು ಬಾಯಿ ತೆಗೆದರೆ ದೊಡ್ಡಪ್ಪ ಕೈ ಎತ್ತಿ ತಡೆದರು. "ರಿಯರ್ ಗಾರ್ಡ್. ಗೊತ್ತು. ಓದು."

ಅಲ್ಲಿ ಕ್ಯಾಪ್ಟನ್ ತೂಶಿನ್ ಬರುತ್ತಾನೆ. ಕುಳ್ಳ. ಮೊದಲು ಕಾಣಿಸಿಕೊಳ್ಳುವಾಗಲೇ ಅವನ ಕಾಲಲ್ಲಿ ಬೂಟು ಇಲ್ಲ, ಒಣಗಿಸೋಕೆ ಕೊಟ್ಟಿದ್ದಾನೆ. ಇದಕ್ಕೆ ದೊಡ್ಡಮ್ಮ ಒಳಗಿನಿಂದಲೇ "ಪಾಪ" ಅಂದರು. ನಮ್ಮನೆಯಲ್ಲೂ ಆಗ ಎಲ್ಲರ ಬೂಟು ಒಲೆಯ ಪಕ್ಕ ಸಾಲಾಗಿ ಇತ್ತು.

ಕಾಳಗ ಶುರುವಾಗುತ್ತದೆ. ಅನುವಾದದಲ್ಲಿ ಫಿರಂಗಿ ಅಂತಿದ್ದರೆ ದೊಡ್ಡಪ್ಪನಿಗೆ ಅದು ಗನ್.

"ಎಷ್ಟು ಗನ್?"

ನಾಲ್ಕು.

"ಕವರ್‌ಗೆ ಯಾರಿದ್ದಾರೆ?"

ಯಾರೂ ಇಲ್ಲ. ಫಿರಂಗಿ ಕಾಯಲು ಇದ್ದವರು ಯಾರದೋ ಆಜ್ಞೆಯ ಮೇಲೆ ಹೊರಟುಹೋಗಿದ್ದಾರೆ. ತೂಶಿನ್‌ನನ್ನು ಎಲ್ಲರೂ ಮರೆತಿದ್ದಾರೆ. ಯಾರೂ ಹೇಳದಿದ್ದರೂ ತಾನೇ ಯೋಚಿಸಿ ಶೋನ್‌ಗ್ರಾಬರ್ನ್ ಹಳ್ಳಿಗೆ ಬೆಂಕಿ ಹತ್ತಿಸುತ್ತಾನೆ, ಫ್ರೆಂಚರು ಅದನ್ನು ಆರಿಸುವುದರಲ್ಲೇ ತಡವಾಗುತ್ತಾರೆ. ಒಂದು ಗಂಟೆಯಲ್ಲಿ ಅವನ ನಲವತ್ತು ಜನರಲ್ಲಿ ಹದಿನೇಳು ಮಂದಿ ಬೀಳುತ್ತಾರೆ. ಈ ಸಾಲು ಓದಿದಾಗ ದೊಡ್ಡಪ್ಪ "ಇನ್ನೊಂದ್ಸಲ ಓದು" ಅಂದರು. ಓದಿದೆ. ಅವರು ಬೆರಳು ಮಡಚಿ ಏನೋ ಎಣಿಸುತ್ತಿದ್ದರು. ತೂಶಿನ್ ತನ್ನ ಹಳೆಯ ದೊಡ್ಡ ಫಿರಂಗಿಯೊಂದಕ್ಕೆ ಮನಸ್ಸಿನಲ್ಲೇ ಮತ್ವೇವ್ನಾ ಅಂತ ಹೆಸರಿಟ್ಟಿದ್ದಾನೆ ಅಂತ ಬಂದಾಗ ಮಾತ್ರ ನಕ್ಕರು. ಅವರ ಗನ್ನಿಗೂ ಒಂದು ಹೆಸರಿತ್ತಂತೆ. ಯಾವ ಹೆಸರು ಅಂತ ದೊಡ್ಡಮ್ಮನ ಎದುರು ಹೇಳಲಿಲ್ಲ.

ಸಂಜೆ ವಿಚಾರಣೆ. ಫಿರಂಗಿ ಯಾಕೆ ಬಿಟ್ಟು ಬಂದೆ ಅಂತ ಬಗ್ರಾತಿಯೋನ್ ಕೇಳುತ್ತಾನೆ. ಕವರ್ ಇರಲಿಲ್ಲ ಅಂತ ಒಂದು ಮಾತು ಹೇಳಿದರೆ ಮುಗಿಯಿತು, ಆದರೆ ಇನ್ಯಾವ ಅಧಿಕಾರಿಗೆ ತೊಂದರೆಯಾಗುತ್ತದೋ ಅಂತ ತೂಶಿನ್ ಬಾಯಿ ಬಿಡುವುದಿಲ್ಲ. ಆಗ ಮೂಲೆಯಲ್ಲಿದ್ದ ಪ್ರಿನ್ಸ್ ಆಂದ್ರೆಯ್ ಬೊಲ್ಕೋನ್‌ಸ್ಕಿ ಎದ್ದು, ಇವತ್ತು ನಾವು ಉಳಿದದ್ದೇ ಈ ಕ್ಯಾಪ್ಟನ್‌ನಿಂದ ಅನ್ನುವ ಅರ್ಥದ ಮಾತು ಹೇಳಿ ಹೊರಗೆ ನಡೆಯುತ್ತಾನೆ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೊರಗೆ ಮಳೆ ಶೀಟಿನ ಮೇಲೆ ಎಷ್ಟು ಜೋರಾಗಿತ್ತೆಂದರೆ ನಾನು ಕೊನೆಯ ಪುಟವನ್ನು ಕೂಗಿಯೇ ಓದಿದ್ದೆ. ಆಮೇಲೆ ಕೇಳಿದರು: "ಈ ಬೊಲ್ಕೋನ್‌ಸ್ಕಿ ಯಾರು? ಎಲ್ಲಿಂದ ಬಂದ ಹುಡುಗ?"

ನನಗೆ ಬೇಕಾಗಿದ್ದ ಪ್ರಶ್ನೆ ಅದೇ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನಾನು ಅದನ್ನು ಕೇಳಿರಲಿಲ್ಲ, ಯಾಕೆಂದರೆ ಕೇಳುವ ಮೊದಲೇ ಟಾಲ್‌ಸ್ಟಾಯ್ ಉತ್ತರ ಹೇಳಲು ಶುರು ಮಾಡಿರುತ್ತಿದ್ದರು. ಎರಡನೇ ಭಾಗ ಮುಗಿಸಿ ಮಾರನೇ ಸಂಜೆಯೇ ಮೊದಲ ಪುಟ ತೆಗೆದೆ. ಅದೇ ಕೂಟ, ಅದೇ ಸಪ್ಪೆ ಜನ. ನೂಲಿನ ಗಿರಣಿಯ ಯಜಮಾನ ಕದಿರುಗಳ ನಡುವೆ ತಿರುಗಿದ ಹಾಗೆ ಅನ್ನಾ ಪಾವ್ಲೊವ್ನಾ ಅತಿಥಿಗಳ ನಡುವೆ ತಿರುಗುತ್ತಾಳೆ ಅಂತ ಒಂದು ಹೋಲಿಕೆ ಇದೆ. ದೊಡ್ಡಪ್ಪ ಕೂಡಲೇ "ನಮ್ಮ ತೋಟದ ಮೇಸ್ತ್ರಿ" ಅಂದರು. ಹಣ್ಣು ಕುಯ್ಯುವಾಗ ಸಾಲಿನಿಂದ ಸಾಲಿಗೆ ಓಡಾಡುತ್ತಾ, ಮಾತು ಜಾಸ್ತಿಯಾದ ಕಡೆ ತಡೆದು, ಕೈ ನಿಂತ ಕಡೆ ಚುರುಕು ಮುಟ್ಟಿಸಿ, ಹೌದು, ಅವಳೇ!

ಆಮೇಲೆ ಆಂದ್ರೆಯ್ ಒಳಗೆ ಬಂದ. ಕಣ್ಣು ಅರ್ಧ ಮುಚ್ಚಿ, ಎಲ್ಲರ ಮೇಲೂ ಬೇಜಾರು, ಹೆಂಡತಿಯ ಮೇಲಂತೂ ಇನ್ನೂ ಜಾಸ್ತಿ. ಹಿಂದೆಲ್ಲ ಇವನನ್ನು ಜಂಬದವನು ಅಂತ ಪಟ್ಟಿಯಲ್ಲಿ ಬರೆದು ಮುಂದೆ ಹೋಗಿದ್ದೆ. ಈ ಸಲ ನಾವಿಬ್ಬರೂ ಅವನನ್ನೇ ನೋಡುತ್ತಿದ್ದೆವು. ಹಿಂದಿನಿಂದ ಯಾರೋ ಅವನ ತೋಳು ಹಿಡಿಯುತ್ತಾರೆ. ಮುಖ ಸಿಂಡರಿಸಿ ತಿರುಗುತ್ತಾನೆ. ನೋಡಿದರೆ ಪಿಯೇರ್, ದಪ್ಪ, ಕನ್ನಡಕ. ಆಂದ್ರೆಯ್ ಮುಖದಲ್ಲಿ ಯಾರೂ ನಿರೀಕ್ಷಿಸದ ಒಂದು ಒಳ್ಳೆಯ ನಗು ಬರುತ್ತದೆ. ಎರಡು ಸಾಲು ಅಷ್ಟೇ. ಹಿಂದೆ ಮೂರು ಸಲ ಓದಿದ್ದೆ, ಕಂಡೇ ಇರಲಿಲ್ಲ. ತೂಶಿನ್ ಪರವಾಗಿ ಎದ್ದು ನಿಂತವನ ನಗು ಅದು ಅಂತ ಗೊತ್ತಿದ್ದಾಗ ಗಂಟಲು ಕಟ್ಟಿತು, ಓದು ನಿಲ್ಲಿಸಿ ನೀರು ಕುಡಿದೆ.

ಅಲ್ಲಿಂದ ಮುಂದೆ ತಡೆಯೇ ಇಲ್ಲ. ಗಟ್ಟಿಯಾಗಿ ಓದಿದರೆ ಗಂಟೆಗೆ ಹತ್ತು ಹನ್ನೆರಡು ಪುಟ, ನಿಧಾನ ನಿಜ, ಆದರೆ ಉದ್ದದ ವಾಕ್ಯಗಳು ಬಾಯಿಗೆ ಬಂದಾಗ ತಾವಾಗಿಯೇ ಒಡೆಯುತ್ತವೆ, ಕಣ್ಣಿಗೆ ಗಂಟು ಅನ್ನಿಸಿದ್ದು ಕಿವಿಗೆ ಅನ್ನಿಸುವುದಿಲ್ಲ. ರೊಸ್ತೊವ್ ಮನೆಯ ಹಬ್ಬದ ಊಟಕ್ಕೆ ದೊಡ್ಡಮ್ಮನೂ ಬಂದು ಕೂತರು. ನತಾಶಾ ಎಲ್ಲರ ಎದುರು ಊಟದ ಕೊನೆಗೆ ಸಿಹಿ ಏನು ಅಂತ ಕೂಗಿ ಕೇಳುವುದು ಅವರಿಗೆ ಬಹಳ ಹಿಡಿಸಿತು.

ಮೊದಲ ಕಟ್ಟಿನ ಹೊಲಿಗೆ ಎರಡು ಕಡೆ ಬಿಟ್ಟಿದೆ, ಸಣ್ಣ ದಬ್ಬಳ ಮತ್ತು ಮೇಣ ಹಚ್ಚಿದ ದಾರ ತರಿಸಬೇಕು. ಪುಸ್ತಕದ ಬೀರುವಿಗೆ 15 ವ್ಯಾಟ್‌ನ ಬಲ್ಬ್ ಹಾಕಿದ್ದೇನೆ, ಬೂಷ್ಟು ಹತೋಟಿಗೆ ಬಂದಿದೆ, ಕರೆಂಟ್ ಇದ್ದ ದಿನ. ಇವತ್ತು ಮೂರನೇ ಭಾಗ ಶುರು, ಅದರ ಕೊನೆಗೆ ಆಸ್ಟರ್‌ಲಿಟ್ಸ್ ಕಾಳಗ ಇದೆ, 1805ರ ಡಿಸೆಂಬರ್ 2. ದೊಡ್ಡಪ್ಪ ಮಧ್ಯಾಹ್ನವೇ ಫೋನ್ ಮಾಡಿ ಸೀಮೆಎಣ್ಣೆ ತುಂಬಿಸಿಟ್ಟಿದ್ದೇನೆ ಅಂದರು. ತೂಶಿನ್ ಮತ್ತೆ ಬರುತ್ತಾನಾ ಅಂತ ದಿನಾ ಕೇಳುತ್ತಾರೆ. ಓದಿ ಮುಗಿಸಿದವರು ದಯವಿಟ್ಟು ಈಗಲೇ ಹೇಳಬೇಡಿ.